ವೈರಿನ ಬಾಸುಂಡೆ, ಸೋಮವಾರದ ಹಸಿವು: ಶಾಲೆಯೊಂದರ ಆಪ್ತಸಲಹೆ ಪ್ರಕರಣ

ಹಳೇ ಮೈಸೂರು ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಐದನೇ ತರಗತಿಯ ಹುಡುಗ, ವಯಸ್ಸು 10. ತಂಗಿ ಅದೇ ಶಾಲೆಯಲ್ಲಿ ಒಂದನೇ ತರಗತಿ. ತಂದೆ ತೀರಿಕೊಂಡಿದ್ದಾರೆ, ತಾಯಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾರೆ, ಮಕ್ಕಳು ಸೋದರಮಾವನ ಮನೆಯಲ್ಲಿ. ಆಪ್ತಸಲಹೆಗಾರರಾದ ನಮ್ಮ ಬಳಿ ಸಲಹೆ ಕೇಳಿದ್ದು ತರಗತಿ ಶಿಕ್ಷಕಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಮೊದಲು ಗಮನಿಸಿದವರು ಬಿಸಿಯೂಟದ ಅಡುಗೆಯವರು. ಸೋಮವಾರ ಬಂತೆಂದರೆ ಹುಡುಗ ಮೂರನೇ ಸಲ ಅನ್ನಕ್ಕೆ ತಟ್ಟೆ ಹಿಡಿಯುತ್ತಿದ್ದ. ಮೊಟ್ಟೆಯನ್ನು ತಿನ್ನದೆ ನೋಟ್‌ಬುಕ್ ಹಾಳೆಯಲ್ಲಿ ಸುತ್ತಿ ಚಡ್ಡಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಕೇಳಿದರೆ, "ತಂಗಿಗೆ, ರಾತ್ರಿಗೆ." ಆಮೇಲೆ ಒಂದು ಶುಕ್ರವಾರ ಆಟದ ಪೀರಿಯಡ್‌ನಲ್ಲಿ ಚಡ್ಡಿ ಮೇಲೆ ಸರಿದಾಗ ತೊಡೆಯ ಹಿಂಭಾಗದಲ್ಲಿ ಬಾಸುಂಡೆಗಳು ಕಂಡವು. ಸೈಕಲ್ಲಿಂದ ಬಿದ್ದೆ ಅಂದ.

ಬಿದ್ದ ಮಕ್ಕಳಿಗೆ ಗಾಯವಾಗುವುದು ಮೂಳೆ ಎದ್ದು ಕಾಣುವ ಜಾಗದಲ್ಲಿ: ಮಂಡಿ, ಮೊಣಕೈ, ಮೊಣಕಾಲಿನ ಕೆಳಗಿನ ಮುಂಭಾಗ, ಹಣೆ. ತೊಡೆಯ ಹಿಂದೆ, ಬೆನ್ನು, ಪೃಷ್ಠ, ಕಿವಿ, ಕತ್ತು, ತೋಳಿನ ಒಳಭಾಗ ಇವೆಲ್ಲ ಬೀಳುವಾಗ ಸುಲಭಕ್ಕೆ ನೆಲ ಮುಟ್ಟುವ ಜಾಗಗಳಲ್ಲ. ಜೊತೆಗೆ ಈ ಗುರುತುಗಳು ಉದ್ದಕ್ಕೆ ಎರಡೆರಡು ಗೆರೆಯಾಗಿ ಓಡಿ, ತುದಿಯಲ್ಲಿ ಕುಣಿಕೆಯ ಹಾಗೆ ಕೂಡಿಕೊಂಡಿದ್ದವು. ಮಡಚಿ ಹಿಡಿದ ವೈರಿನಿಂದ ಬಾರಿಸಿದರೆ ಮೂಡುವುದು ಇದೇ ಆಕಾರ. ಬಣ್ಣ ನೋಡಿ "ಎರಡು ದಿನದ್ದು, ನಾಲ್ಕು ದಿನದ್ದು" ಎಂದು ಲೆಕ್ಕ ಹಾಕಬೇಡಿ ಎಂದು ಶಿಕ್ಷಕಿಗೆ ಹೇಳಿದೆವು. ವೈದ್ಯರಿಗೇ ಅದು ನಿಖರವಾಗಿ ಸಿಗುವುದಿಲ್ಲ.

ಶಿಕ್ಷಕಿಯ ಇನ್ನೊಂದು ಗೊಂದಲ ನ್ಯಾಯವಾದದ್ದೇ: ಇದು ಬಡತನವೋ, ನಿರ್ಲಕ್ಷ್ಯವೋ? ಹರಿದ ಯೂನಿಫಾರ್ಮ್, ತಲೆಯಲ್ಲಿ ಹೇನು ನೋಡಿ ಬಡವರ ಮೇಲೆ ದೂರು ಬರೆಯುವುದು ಅನ್ಯಾಯ. ಕೈಯಲ್ಲಿ ಇರುವುದನ್ನು ದೊಡ್ಡವರು ಮಕ್ಕಳಿಗಾಗಿ ಬಳಸುತ್ತಿದ್ದಾರಾ ಎಂದು ನೋಡಬೇಕು. ಇಲ್ಲಿ ತಾಯಿ ಪ್ರತಿ ತಿಂಗಳು ಅಣ್ಣನ ಫೋನ್‌ಪೇಗೆ ದುಡ್ಡು ಹಾಕುತ್ತಿದ್ದರು. ತಂಗಿಯ ಕಿವಿ ವಾರಗಟ್ಟಲೆ ಸೋರುತ್ತಿತ್ತು, ವಾಸನೆಗೆ ಪಕ್ಕದ ಮಕ್ಕಳು ಜರುಗಿ ಕೂರುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರ ಅದೇ ಊರಲ್ಲಿದೆ, ಅಲ್ಲಿ ಔಷಧಿ ಉಚಿತ. ಆದರೂ ಒಬ್ಬರೂ ಕರೆದುಕೊಂಡು ಹೋಗಿರಲಿಲ್ಲ. ಇದು ನಿರ್ಲಕ್ಷ್ಯವೇ.

ಮುಖ್ಯ ಶಿಕ್ಷಕರ ಮಾತು: "ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಕಡೆಯವರು ಅವ್ರು. ಮೊದ್ಲು ಮಾವನ್ನ ಕರೆಸಿ ಬುದ್ಧಿ ಹೇಳೋಣ. ಕೇಳ್ಲಿಲ್ಲ ಅಂದ್ರೆ ಆಮೇಲೆ ನೋಡೋಣ."

ಶಾಲೆಗಳು ಹೆಚ್ಚಾಗಿ ಎಡವುವುದು ಇಲ್ಲೇ, ಅದೂ ಒಳ್ಳೆಯ ಮನಸ್ಸಿನಿಂದ. ಕರೆಸಿ ಬುದ್ಧಿ ಹೇಳಿದ ಸಂಜೆ ಮಗುವಿಗೆ ಮನೆಯಲ್ಲಿ "ಯಾರಿಗೆ ಏನ್ ಹೇಳ್ದೆ?" ಎಂಬ ವಿಚಾರಣೆ ನಡೆಯುತ್ತದೆ. ಏಟು ಬಟ್ಟೆ ಮುಚ್ಚುವ ಜಾಗಕ್ಕೆ ಬೀಳತೊಡಗುತ್ತದೆ. ಇಲ್ಲವೇ ವಾರದೊಳಗೆ ಟಿಸಿ ತೆಗೆದುಕೊಂಡು ಮಕ್ಕಳನ್ನು ಬೇರೆ ಊರಿಗೆ ಸಾಗಿಸುತ್ತಾರೆ. ಹೊಡೆದವರಿಗೆ ಮೊದಲು ಸುದ್ದಿ ಮುಟ್ಟಬಾರದು. ಸಾಬೀತು ಮಾಡುವುದು ಶಾಲೆಯ ಕೆಲಸವಲ್ಲ. ಅನುಮಾನಕ್ಕೆ ಆಧಾರವಿದ್ದರೆ ತಿಳಿಸಲು ಅಷ್ಟು ಸಾಕು.

ಶಿಕ್ಷಕಿ ಫೋನ್ ಮಾಡಿದಾಗ ಶುಕ್ರವಾರ ಮಧ್ಯಾಹ್ನ. ಸಂಜೆ ಗಂಟೆ ಬಾರಿಸುವುದರೊಳಗೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಎಂದೆವು, ಇಲ್ಲದಿದ್ದರೆ ಮಕ್ಕಳು ವಾರಾಂತ್ಯವನ್ನು ಅದೇ ಮನೆಯಲ್ಲಿ ಕಳೆಯಬೇಕಾಗುತ್ತದೆ. ಅದಕ್ಕೆ ಮೊದಲು ಹುಡುಗನ ಜೊತೆ ಒಂದೇ ಒಂದು ಸಲ ಮಾತಾಡಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬೇಡ. ಬಾಗಿಲು ತೆರೆದಿರುವ, ಬೇರೆಯವರಿಗೆ ಮಾತು ಕೇಳಿಸದ ಜಾಗದಲ್ಲಿ ಕೂರಿಸಿ. "ಕಾಲಲ್ಲಿ ಗುರುತು ಕಂಡ್ತು ಪುಟ್ಟಾ, ಏನಾಯ್ತು ಹೇಳ್ತೀಯಾ?" ಅಷ್ಟೇ ಕೇಳಬೇಕು. "ಮಾವ ಹೊಡೆದ್ರಾ?" ಎಂದು ಉತ್ತರವನ್ನು ನಾವೇ ಬಾಯಿಗೆ ಇಟ್ಟರೆ, ನಾಳೆ ಕೋರ್ಟಿನಲ್ಲಿ ಅದು ಹೇಳಿಕೊಟ್ಟ ಮಾತಾಗುತ್ತದೆ. "ಯಾರಿಗೂ ಹೇಳಲ್ಲ" ಎಂದು ಭಾಷೆ ಕೊಡಬೇಡಿ. "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಎಂದರೆ ಸುಳ್ಳೂ ಆಗುವುದಿಲ್ಲ, ನಂಬಿಕೆಯೂ ಉಳಿಯುತ್ತದೆ.

ಹುಡುಗ ಹೇಳಿದ್ದು: "ಮಾವ ಕುಡ್ಕೊಂಡ್ ಬಂದಾಗ ಚಾರ್ಜರ್ ವೈರಲ್ಲಿ ಹೊಡೀತಾರೆ. ಅಮ್ಮಂಗೆ ಹೇಳ್ಬೇಡಿ ಮಿಸ್, ಅಮ್ಮ ಕೆಲ್ಸ ಬಿಟ್ ಬರ್ಬೇಕಾಗುತ್ತೆ." ಶಿಕ್ಷಕಿ ಇದನ್ನು ಅವನ ಮಾತಲ್ಲೇ, ದಿನಾಂಕ, ಸಮಯದ ಸಮೇತ ಬರೆದಿಟ್ಟರು. ಮೊಬೈಲಿನಲ್ಲಿ ಫೋಟೊ ತೆಗೆಯುವುದು ಬೇಡ ಎಂದೆವು. ಅದು ಯಾವ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ ಸೇರುತ್ತದೋ ಹೇಳಲಾಗದು. ಬಿಳಿ ಹಾಳೆಯ ಮೇಲೆ ಮೈಯ ಆಕಾರ ಗೀಚಿ, ಗುರುತು ಕಂಡ ಜಾಗ, ಅಂದಾಜು ಉದ್ದ, ಆಕಾರ ಬರೆದರೆ ಸಾಕು. ಕಾಣುತ್ತಿರುವುದಕ್ಕಿಂತ ಹೆಚ್ಚು ನೋಡಲು ಬಟ್ಟೆ ಬಿಚ್ಚಿಸಕೂಡದು, ಅದು ವೈದ್ಯರ ಕೆಲಸ.

1098ರವರಿಗೆ ಬೇಕಾಗುವುದು ಮಕ್ಕಳ ಹೆಸರು, ವಯಸ್ಸು, ವಿಳಾಸ, ನೀವು ಕಂಡದ್ದು, ಮಗು ಹೇಳಿದ್ದು, ಮನೆಯಲ್ಲಿ ಯಾರ್ಯಾರಿದ್ದಾರೆ, ಮತ್ತು ಬಹು ಮುಖ್ಯವಾಗಿ ಇವತ್ತು ರಾತ್ರಿ ಮನೆಗೆ ಹೋದರೆ ಅಪಾಯವಿದೆಯಾ ಎಂಬುದು. ಅದೇ ವಿವರವನ್ನು ಪತ್ರದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು. ಫೋನು ಮಾತ್ರ ಮಾಡಿ ಸುಮ್ಮನಾದರೆ ಬೆನ್ನು ಹತ್ತಲು ಕೈಯಲ್ಲಿ ಕಾಗದ ಇರುವುದಿಲ್ಲ.

ಲೈಂಗಿಕ ದೌರ್ಜನ್ಯದ ಅನುಮಾನವೂ ಇದ್ದಿದ್ದರೆ? ಆಗ ಆಯ್ಕೆಯೇ ಇಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರು ಎಸಗಿದ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಈ ಪ್ರಕರಣದಲ್ಲಿ ಅಂಥ ಸುಳಿವು ಇರಲಿಲ್ಲ. ಇದಕ್ಕೆ ಅನ್ವಯಿಸುವುದು ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್: ಮಗುವಿನ ಹೊಣೆ ಹೊತ್ತವರೇ ಹೊಡೆದರೆ, ಬೇಕೆಂದೇ ನಿರ್ಲಕ್ಷಿಸಿದರೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ.

ಸಂಜೆಯೊಳಗೆ ಸಹಾಯವಾಣಿಯ ಸಿಬ್ಬಂದಿ ಶಾಲೆಗೇ ಬಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಗಾಯಗಳು ಎಂಎಲ್‌ಸಿಯಾಗಿ, ಅಂದರೆ ಕಾನೂನು ಕ್ರಮಕ್ಕೆ ಬೇಕಾಗುವ ವೈದ್ಯಕೀಯ ಪ್ರಕರಣವಾಗಿ, ದಾಖಲಾದವು, ತಂಗಿಯ ಕಿವಿಗೆ ಚಿಕಿತ್ಸೆ ಶುರುವಾಯಿತು. ಮಕ್ಕಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಸಮಿತಿ ಸೇರಿಲ್ಲದ ದಿನ ಒಬ್ಬ ಸದಸ್ಯರ ಮುಂದೆಯಾದರೂ ಸರಿ. "ದೂರು ಕೊಟ್ರೆ ಮಕ್ಕಳನ್ನ ಬಾಲಮಂದಿರಕ್ಕೆ ಹಾಕ್ತಾರೆ" ಎಂಬ ಭಯ ಊರಲ್ಲಿ ದಟ್ಟವಾಗಿದೆ. ಕಾನೂನಿನಲ್ಲಿ ಸಂಸ್ಥೆ ಕೊನೆಯ ದಾರಿ. ಇಲ್ಲಿ ತಾಯಿಯನ್ನು ಕರೆಸಿ, ಮಕ್ಕಳನ್ನು ಅವರಿಗೇ ಒಪ್ಪಿಸಿ, ಮನೆಭೇಟಿಯ ಮೇಲ್ವಿಚಾರಣೆ ಇಟ್ಟರು. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ, ಅಂದರೆ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂಪಾಯಿಗೆ, ಅರ್ಜಿ ಹಾಕಿಸಲಾಯಿತು. ಮಾವನ ಮೇಲೆ ಪೊಲೀಸ್ ದೂರು ಬೇರೆಯಾಗಿ ನಡೆಯುತ್ತಿದೆ.

ತಾಯಿ ಮಕ್ಕಳನ್ನು ಬೆಂಗಳೂರಿಗೇ ಕರೆದುಕೊಂಡು ಹೋದರು. ವರ್ಷದ ಮಧ್ಯೆ ಶಾಲೆ ಸೇರಿಸಿಕೊಳ್ಳುತ್ತಾರಾ ಎಂಬುದು ಅವರ ಚಿಂತೆ. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಹೊಸ ಶಾಲೆಗೆ ಪ್ರಕರಣದ ಕಥೆ ಹೇಳಬೇಕಾಗಿಲ್ಲ. ಕಿವಿಯ ವಿಷಯ ಮಾತ್ರ ಹೇಳಿ, ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು ಕೇಳಿ ಎಂದೆವು.

ಶಿಕ್ಷಕಿಗಿದ್ದ ಕೊನೆಯ ಭಯ: ತನ್ನ ಹೆಸರು ಹೊರಗೆ ಬಂದರೆ? ಹೆಸರು ಹೇಳದೆಯೂ 1098ಕ್ಕೆ ತಿಳಿಸಬಹುದು. ಆದರೆ ಸಣ್ಣ ಊರಲ್ಲಿ ಜನ ಊಹಿಸಿಬಿಡುತ್ತಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಪತ್ರ ಶಾಲೆಯ ಹೆಸರಲ್ಲಿ, ಮುಖ್ಯ ಶಿಕ್ಷಕರ ಸಹಿಯೊಂದಿಗೆ ಹೋಗುವುದು ಮೇಲು. ಅವರು ಸಹಿ ಹಾಕಲು ಹಿಂಜರಿದರೆ ಅದಕ್ಕೆ ಕಾಯುತ್ತ ಕೂರದೆ, ಕರೆಯನ್ನು ಶಿಕ್ಷಕಿಯೇ ಮಾಡಿಬಿಡಬೇಕು.