ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಹಣದ ಅವ್ಯವಹಾರ ಕಂಡರೆ ಕೊಡಗಿನ ಶಿಕ್ಷಕರು ಯಾರಿಗೆ ದೂರು ಕೊಡಬೇಕು? ಕೆಲಸ ಹೋಗುವುದಿಲ್ಲವೇ?

ಮಡಿಕೇರಿಯಲ್ಲಿರುವ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಲಿಖಿತ ದೂರು ಕೊಡಿ, ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸುಳ್ಳು ರಸೀದಿ, ನಕಲಿ ಸಹಿ ಇದ್ದರೆ ಪೊಲೀಸ್ ಠಾಣೆಗೂ ಹೋಗಬಹುದು.

‘ಇದು ಅಲ್ಪಸಂಖ್ಯಾತ ಸಂಸ್ಥೆ, ಇಲಾಖೆ ಕೈಹಾಕುವಂತಿಲ್ಲ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಓಡಾಡುತ್ತಿರುತ್ತದೆ. ನಂಬಬೇಡಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟಿರುವ, ತಮ್ಮ ಶಿಕ್ಷಣ ಸಂಸ್ಥೆಗಳ ಆಡಳಿತದ ಹಕ್ಕು ದುರಾಡಳಿತದ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿದೆ. ಹಿಂದೂ ಮಠದ ಶಾಲೆಗೆ ಸಾಮಾನ್ಯವಾಗಿ ಆ ನೆಪವೂ ಇಲ್ಲ. ಅನುದಾನಿತ ಶಾಲೆಯಾದರೆ ಸಂಬಳವೇ ಸರ್ಕಾರದ್ದು. ಲೆಕ್ಕ ಕೇಳುವ ಅಧಿಕಾರ ಇಲಾಖೆಗೆ ಇದ್ದೇ ಇದೆ.

ಕೆಲಸದ ಭಯ ಸುಳ್ಳಲ್ಲ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಮಿನ ಪ್ರಕಾರ ಆರೋಪ ತಿಳಿಸದೆ, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೇ ಚಾಣಾಕ್ಷ ಆಡಳಿತ ಮಂಡಳಿಗಳು ವಜಾ ಮಾಡುವುದಿಲ್ಲ, ‘ನೀವೇ ರಾಜೀನಾಮೆ ಕೊಟ್ಟುಬಿಡಿ ಟೀಚರ್’ ಎನ್ನುತ್ತವೆ. ಕೊಡಬೇಡಿ, ಖಾಲಿ ಹಾಳೆಗೂ ಸಹಿ ಹಾಕಬೇಡಿ.

ದೂರಿನಲ್ಲಿ ‘ಭ್ರಷ್ಟರು’ ಅಂತೆಲ್ಲ ಬರೆಯುವ ಬದಲು, ಕಟ್ಟಡ ನಿಧಿಗೆ ಪೋಷಕರು ಕಟ್ಟಿದ ಹಣ, ರಸೀದಿ ಸಂಖ್ಯೆ, ತಾರೀಖು ಬರೆಯಿರಿ. ಇಬ್ಬರು ಮೂವರು ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು.