ಫಲಕದ ನಟ್ಟನಡುವೆ ಕಿಲ್ಲಾರಿ ಯಾಕೆ ನಡುಗಿತು?

ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯ ಮಾಸ್ತರರೊಬ್ಬರ ಪತ್ರ: ‘ಭೂಕಂಪ ಆಗೋದು ಭೂಫಲಕಗಳ (ಭೂಮಿಯ ಹೊರಪದರದ, ನಿಧಾನವಾಗಿ ಸರಿಯುವ ದೊಡ್ಡ ತುಂಡುಗಳ) ಅಂಚಿನಲ್ಲಿ ಅಂತ ಪಾಠ ಮಾಡಿದೆ. ಹಾಗಾದ್ರೆ 1993ರಲ್ಲಿ ಭೂಕಂಪ ಆದ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಯಾವ ಅಂಚಿನಲ್ಲಿದೆ ಸರ್ ಅಂತ ಒಬ್ಬ ಹುಡುಗಿ ಕೇಳಿಬಿಟ್ಟಳು. ಏನು ಹೇಳಲಿ? ನಾನೂ ಮನೆಗೆ ಹೊಸ ಕೋಣೆ ಕಟ್ಟಿಸುತ್ತಿದ್ದೇನೆ, ಹೆದರಬೇಕಾ?’

ಮಾಸ್ತರರೇ, ನಮಸ್ಕಾರ. ಮೊದಲು ಆ ಹುಡುಗಿಗೆ ಶಾಭಾಸ್ ಹೇಳಿ.

ನಿಮ್ಮ ಪಾಠ ಸರಿಯೇ ಇದೆ, ಭೂಕಂಪಗಳು ಜಾಸ್ತಿ ಆಗೋದು ಅಂಚಿನಲ್ಲೇ. ನಮ್ಮ ಫಲಕದ ಉತ್ತರದ ಅಂಚು ಹಿಮಾಲಯ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಬಿಡಿಸಿಕೊಂಡ ಈ ನೆಲ ಉತ್ತರಕ್ಕೆ ಹೊರಟು, ದಾರಿಯಲ್ಲಿ ಲಾವಾ ಉಕ್ಕಿಸಿಕೊಂಡು (ನಿಮ್ಮ ಊರಿನ ಕರಿಕಲ್ಲು ಅದೇ, 6.6 ಕೋಟಿ ವರ್ಷ ಹಳೆಯದು), ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಡಿಕ್ಕಿ ಇನ್ನೂ ಮುಗಿದಿಲ್ಲ. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದ್ದೇವೆ. ಅಂದರೆ ಕಿಲ್ಲಾರಿ ನಡುಗಿದ ಮೇಲೆ ನೀವು, ನಿಮ್ಮ ಶಾಲೆ, ಎರೆಹೊಲ ಎಲ್ಲ ಸೇರಿ ಒಂದೂವರೆ ಮೀಟರ್ ಮುಂದೆ ಹೋಗಿದ್ದೀರಿ!

ಮುಂದೆ ಹಿಮಾಲಯ ತಡೆಯುತ್ತೆ, ಹಿಂದಿನಿಂದ ಸಮುದ್ರದ ತಳ ತಳ್ಳುತ್ತೆ. ಆ ಒತ್ತಡ ಅಂಚಿನಲ್ಲೇ ಕೂತಿರಲ್ಲ, ಇಡೀ ಫಲಕಕ್ಕೆ ಹರಡುತ್ತೆ. ಕಡಕ್ ರೊಟ್ಟಿಯನ್ನು ಎರಡೂ ಕಡೆ ಹಿಡಿದು ಒತ್ತಿ ನೋಡಿ. ಬೆರಳಿಟ್ಟ ಕಡೆ ಮುರಿಯಲ್ಲ, ನಡುವೆ ಎಲ್ಲಿ ಮೊದಲೇ ಸಣ್ಣ ಬಿರುಕಿರುತ್ತೋ ಅಲ್ಲಿ ಮುರಿಯುತ್ತೆ.

ಕಿಲ್ಲಾರಿಯಲ್ಲಿ ಅಂಥ ಬಿರುಕು ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಅಲ್ಲಿ ಕೊರೆದು ನೋಡಿದಾಗ ಕರಿಕಲ್ಲಿನ ಹೊದಿಕೆ ಸುಮಾರು 340 ಮೀಟರ್ ಅಷ್ಟೇ ಇತ್ತು. ಅದರ ಕೆಳಗಿರೋದು ಇನ್ನೂ ಎಷ್ಟೋ ಹಳೆಯ ಬಂಡೆ, ಅದರ ಗಾಯಗಳನ್ನೆಲ್ಲ ಲಾವಾ ಮುಚ್ಚಿಬಿಟ್ಟಿತ್ತು. ‘ದಖ್ಖನ್ ಗಟ್ಟಿ ನೆಲ’ ಅಂತ ನಾವೆಲ್ಲ ಸುಮ್ನೆ ನಂಬಿದ್ದು ಮೇಲಿನ ಈ ಹೊದಿಕೆ ನೋಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಒಳಗಿನ ಬಂಡೆ ಒತ್ತಡ ತಾಳದೆ ಒಂದು ಮಗ್ಗುಲು ಇನ್ನೊಂದರ ಮೇಲೆ ಏರಿತು. ತೀವ್ರತೆ 6.2. ಅಷ್ಟೇ ತೀವ್ರತೆಯ ಭೂಕಂಪಗಳನ್ನು ಜಪಾನಿನವರು ಎಷ್ಟೋ ಸಲ ಹೆಚ್ಚು ಸಾವಿಲ್ಲದೆ ದಾಟಿದ್ದಾರೆ, ಇಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜನ ಹೋದರು. ಕಂಪನ ನೆಲದ ಮೇಲ್ಭಾಗದಲ್ಲೇ ಹುಟ್ಟಿದ್ದು ಒಂದು ಕಾರಣ. ದೊಡ್ಡ ಕಾರಣ ಮನೆಗಳು: ಬರೀ ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು, ನಿಜ. ಆದರೆ ಗೋಡೆ ಹೊಟ್ಟೆ ಒಡೆದು ಬಿದ್ದರೆ ಮಾಳಿಗೆ ನೇರ ಮೈಮೇಲೆ.

ಮತ್ತೆ ಯಾವಾಗ ಅಂತ ದಿನ ಹೇಳೋಕೆ ಯಾರಿಂದಲೂ ಆಗಲ್ಲ, ತಾರೀಖು ಹಾಕಿದ ವಾಟ್ಸಾಪ್ ಮೆಸೇಜ್ ಬಂದರೆ ಡಿಲೀಟ್ ಮಾಡಿ. ಕೋಣೆಗೆ ಹೆದರಬೇಡಿ. ಗೌಂಡಿಗೆ ಒಂದೇ ಮಾತು ಹೇಳಿ: ಲಿಂಟಲ್ ಪಟ್ಟಿಯನ್ನು ಬಾಗಿಲು-ಕಿಟಕಿ ಮೇಲಷ್ಟೇ ಹಾಕಿ ಬಿಡಬೇಡ, ಕಬ್ಬಿಣ ಕಟ್ಟಿ ನಾಲ್ಕೂ ಗೋಡೆಗೆ ಸುತ್ತ ಓಡಿಸು. ಖರ್ಚು ಜಾಸ್ತಿ ಆಗುತ್ತೆ ಅಂತ ಗೊಣಗುತ್ತಾನೆ, ಕೇಳಬೇಡಿ. ಕಾಂಕ್ರೀಟ್ ಸುರಿಯೋ ದಿನ ನೀವೇ ರಜೆ ಹಾಕಿ ಎದುರಿಗೆ ನಿಂತುಕೊಳ್ಳಿ.

– ಸಂಪಾದಕ