24 ವಾರ ದಾಟಿದ ಮೇಲೆ ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ಮೇಡಂ, ನನ್ನ ತಂಗಿಗೆ 25 ವಾರ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೆದುಳು ಸರಿಯಾಗಿ ಬೆಳೆದಿಲ್ಲ ಅಂತ ಬಂದಿದೆ. ಈಗ ಹೊರಗೆ ಬಂದರೂ ಮಗು ಬದುಕಬಹುದು, ಗರ್ಭಪಾತಕ್ಕೆ ಕಾನೂನು ಬಿಡಲ್ಲ ಅಂತಾರೆ. ನಿಜಾನಾ?
– ಓದುಗರು, ಮೂಡಿಗೆರೆ

ಉತ್ತರ: ಪೂರ್ತಿ ನಿಜ ಅಲ್ಲಮ್ಮ. ಹೊರಗೆ ಬದುಕುವ ಶಕ್ತಿಯನ್ನೇ ಗಡಿ ಮಾಡಿದ್ದು ಅಮೆರಿಕದ ಸುಪ್ರೀಂ ಕೋರ್ಟ್, 1973ರಲ್ಲಿ. 2022ರಲ್ಲಿ ಅದೇ ಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮ 1971ರ ಗರ್ಭಪಾತ ಕಾಯ್ದೆ ಲೆಕ್ಕ ಹಾಕುವುದು ವಾರಗಳನ್ನು. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು ಮುಂತಾದವರಿಗೆ ಇಬ್ಬರ ಅಭಿಪ್ರಾಯದ ಮೇಲೆ 24ರವರೆಗೆ ಅವಕಾಶ. ಮಗುವಿಗೆ ಗಂಭೀರ ದೋಷವಿದೆ ಎಂದು ಮೆಡಿಕಲ್ ಬೋರ್ಡ್ (ತಜ್ಞ ವೈದ್ಯರ ಸಮಿತಿ) ಹೇಳಿದರೆ ಈ ವಾರಗಳ ಮಿತಿಯೇ ಇಲ್ಲ.

ಆದರೆ ಕೋರ್ಟಿಗೆ ಹೋದರೆ ಮಗು ಹೊರಗೆ ಬದುಕಬಹುದು ಎನ್ನುವ ಮಾತು ಬಂದೇ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ್ದ ವಿವಾಹಿತೆಗೆ ಸುಪ್ರೀಂ ಕೋರ್ಟ್ ಅನುಮತಿ ಕೊಡಲಿಲ್ಲ. ಅಲ್ಲಿ ಮಗುವಿಗೆ ದೋಷ ಇರಲಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವೂ ಇರಲಿಲ್ಲ. ನಿಮ್ಮ ತಂಗಿಯ ವಿಷಯವೇ ಬೇರೆ, ಅಲ್ವಾ?

ಸುಮ್ನೆ ಅವರಿವರ ಮಾತು ಕೇಳಿ ಕೂರಬೇಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ನಾಳೆಯೇ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಹೋಗಿ. ಕಾರ್ಡಿನಲ್ಲಿ ಕೊನೆಯ ಮುಟ್ಟಿನ ತಾರೀಖು ಸರಿಯಾಗಿದೆಯಾ ನೋಡಿ, ವಾರ ಎಣಿಸುವುದು ಅಲ್ಲಿಂದಲೇ. ಬೋರ್ಡ್‌ಗೆ ಕಳಿಸಿ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ. ಕೋರಿಕೆ ತಲುಪಿದ 3 ದಿನದಲ್ಲಿ ಬೋರ್ಡ್ ಹೌದೋ ಅಲ್ಲವೋ ಹೇಳಬೇಕು. ತಂಗಿಗೆ 18 ತುಂಬಿದ್ದರೆ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ.